ಹೋ ಅಂದಮ್ಯಾಲ ಎಷ್ಟ ಹೆಜ್ಜಿ?

ಬೆಳ್ಳಟ್ಟಿಯಲ್ಲಿ ಡಿಸೆಂಬರಿನ ನಸುಕು, ಇನ್ನೂ ಐದು ಗಂಟೆ. ನೀವು ಕಿವಿಗೆ ಸುತ್ತಿಕೊಂಡ ಟವೆಲ್ಲು ಆಗಲೇ ಇಬ್ಬನಿಗೆ ತೊಯ್ದಿದೆ. ದನದ ಮನೆಯ ಬಲ್ಬಿನ ಕೆಳಗೆ ಅಜ್ಜ ಕುಕ್ಕುರುಗಾಲಲ್ಲಿ ಕೂತು ಎತ್ತಿನ ಗೊರಸಿನ ಸಂದಿಯಲ್ಲಿ ಬೆರಳಾಡಿಸುತ್ತಿದ್ದಾರೆ.

‘ಹರಳ ಸಿಕ್ಕೈತೇನು ನೋಡಾಕತ್ತೀನ್ರಿ. ನಿನ್ನಿ ಮಸಾರಿ ದಾರ್ಯಾಗ ಬಂದಾವು.’

ಗೊರಸು ಸೀಳಿರುವುದರಿಂದ ಎತ್ತಿನ ಒಂದು ಕಾಲಿಗೆ ಎರಡು ಲಾಳ. ಕುದುರೆಯ ಹಾಗೆ ಒಂದರಲ್ಲಿ ಮುಗಿಯುವ ಬಾಬತ್ತಲ್ಲ.

ನೀವು ಹೊರಡುವ ಅವಸರದಲ್ಲಿದ್ದೀರಿ, ಅಜ್ಜ ಇಲ್ಲ. ರಾತ್ರಿ ಇಟ್ಟ ನೆನೆಹುರುಳಿ, ಹತ್ತಿಕಾಳು, ಕಣಕಿ ಎಲ್ಲ ಇನ್ನೂ ಮೆಲುಕಿನಲ್ಲಿದೆ. ದವಡೆ ನಿಲ್ಲದೆ ನೊಗ ಏರಿಸುವಂತಿಲ್ಲ. ಹಾಗಾಗಿ ನೀವು, ಅಜ್ಜ, ಅವರ ಮೊಮ್ಮಗ ಮೂವರೂ ಎರಡು ದವಡೆಗಳನ್ನು ನೋಡುತ್ತ ಚಹಾ ಕುಡಿಯುತ್ತೀರಿ. ಎಡಕ್ಕೆ ಹೂಡುವ ಕೆಂದ್ಯಾ ಬಾಯಿಗೂಡಿದ ಎತ್ತು, ಎಂಟೂ ಹಲ್ಲು ಬಂದಿವೆ. ಬಲಕ್ಕೆ ಹೂಡುವುದು ನಾಲ್ಕು ಹಲ್ಲಿನ ಖಿಲಾರಿ. ಜಾತ್ರೆಯಲ್ಲಿ ತಂದದ್ದು, ಹೆಸರಿನ್ನೂ ಗಟ್ಟಿಯಾಗಿಲ್ಲ, ಸದ್ಯಕ್ಕೆ ‘ಹೊಸಾದು’. ಬಾಗಿಲು ಕಿರ್ ಎಂದರೂ ಅದರ ಮೈಚರ್ಮ ನಡುಗುತ್ತದೆ.

ಆರರ ಹೊತ್ತಿಗೆ ಮೊಮ್ಮಗ ಗಾಡಾ ಎಳೆದು ತರುತ್ತಾನೆ. ಅಚ್ಚಿಗೆ ಕೀಲೆಣ್ಣೆ, ಕೊರಳಿಗೆ ಜತ್ತಗಿ. ಈ ಜೋಡಿ ಪಳಗುತ್ತಿರುವುದು ಖಾಲಿ ಗಾಡಾ ಸ್ಪರ್ಧೆಗೆ. ಅದರ ಲೆಕ್ಕ ಈ ಸೀಮೆಯ ಹಲವು ಊರುಗಳಲ್ಲಿ ಸರಳ: ಒಂದು ನಿಮಿಷ, ಯಾವ ಜೋಡಿ ಎಷ್ಟು ದೂರ ಹೋಯಿತು, ಟೇಪು ಹಿಡಿದು ಅಳೆಯುತ್ತಾರೆ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಜೊತೆ ಎತ್ತಿನ ಗಾಡಿ ಓಟವನ್ನೂ ನಿಲ್ಲಿಸಿತ್ತು. 2017ರಲ್ಲಿ ಓಟಕ್ಕೆ ಅವಕಾಶವಾಗುವಂತೆ ಕರ್ನಾಟಕವು ಕಾನೂನಿಗೆ ತಿದ್ದುಪಡಿ ತಂದಿತು. ಅದನ್ನು ಸಂವಿಧಾನ ಪೀಠ ಎತ್ತಿಹಿಡಿದದ್ದು 2023ರ ಮೇ 18ರಂದು. ಓಟ ಮರಳಿದರೂ ಅಜ್ಜನ ಬಾರಕೋಲು ಮಾತ್ರ ಗೋಡೆಯ ಮೊಳೆಯಿಂದ ಇಳಿಯುವುದಿಲ್ಲ.

‘ಬಡದ ಎತ್ತು ಒಂದ ವರ್ಷ ಓಡತೈತ್ರಿ. ಆಮ್ಯಾಲ ನಮ್ಮ ದನಿ ಕೇಳಿದ್ರ ಹಿಂದಕ್ಕ ಸರೀತೈತಿ.’

‘ಹತ್ರಿ ಸರ, ನೀವ ಇವತ್ತಿನ ಭಾರ,’ ಎನ್ನುತ್ತಾನೆ ಮೊಮ್ಮಗ.

ಹತ್ತುತ್ತೀರಿ. ಊರು ಹಿಂದೆ ಬಿದ್ದ ಮೇಲೆ ಎರಿ ಹೊಲದ ಬಂಡಿದಾರಿ. ದೂರದಲ್ಲಿ ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳ ಕೆಂಪು ದೀಪಗಳು ಕಣ್ಣು ಮಿಟುಕಿಸುತ್ತಿವೆ. ಎರಡೂ ಮಗ್ಗಲಿಗೆ ಕಡಲೆ. ಎಲೆಯ ಇಬ್ಬನಿಯಲ್ಲಿ ಹುಳಿ ಇಳಿಯುವ ಕಾಲವಿದು. ಹಿರಿಯರು ರಾತ್ರಿ ಬಿಳಿ ಬಟ್ಟೆ ಹಾಸಿ, ನಸುಕಿಗೆ ಹಿಂಡಿ, ಹೊಟ್ಟೆನೋವಿಗೆಂದು ಸೀಸೆಯಲ್ಲಿ ಇಡುತ್ತಿದ್ದರು. ಜೋತುಬಿಟ್ಟ ನಿಮ್ಮ ಕಾಲಿಗೆ ಗಿಡ ಸವರಿದಲ್ಲೆಲ್ಲ ಚುರುಚುರು.

ಮೊದಲ ಸುತ್ತು ಬರೀ ನಡಿಗೆ. ಹೊಸಾದು ತುಸು ಮುಂದೆ ಜಗ್ಗುತ್ತದೆ, ನೊಗ ಸೊಟ್ಟಗಾಗುತ್ತದೆ, ಗಾಡಾ ಎಡಕ್ಕೆ ಎಳೆಯುತ್ತದೆ. ಕೆಂದ್ಯಾ ಅದರ ಗೊಡವೆಗೇ ಹೋಗುವುದಿಲ್ಲ. ತನ್ನ ಹೆಜ್ಜೆ ತನಗೆ. ಸ್ವಲ್ಪ ಹೊತ್ತಿಗೆ ದಣಿದ ಹೊಸಾದು ತಾನಾಗಿ ಅದರ ಜೊತೆಗೆ ಬಂದು ಬೀಳುತ್ತದೆ. ಅಲಾಸ್ಕಾದಲ್ಲಿ ಹಿಮಗಾಡಿ ಎಳೆಯುವ ನಾಯಿಗಳನ್ನು ಪಳಗಿಸುವುದೂ ಹೀಗೆಯೇ: ಎಳೆಯದನ್ನು ಹಳೆಯದರ ಪಕ್ಕ ಕಟ್ಟುತ್ತಾರೆ, ಹಿಮ ಬೀಳುವ ಮುಂಚೆ ನಾಲ್ಕು ಗಾಲಿಯ ಮೋಟಾರು ಬಂಡಿ ಎಳೆಸುತ್ತಾರೆ. ಆ ನಾಯಿಗಳಿಗೆ ಲಗಾಮಿಲ್ಲ, ದನಿಯೊಂದೇ. ಆದರೆ ಹಿಮಗಾಡಿಗೆ ಕಾಲಲ್ಲಿ ತುಳಿಯುವ ಬ್ರೇಕಿದೆ. ಗಾಡಾಕ್ಕಿಲ್ಲ.

ಇದು ನಿಮಗೆ ತಿಳಿಯುವುದು ಎರಡನೇ ಸುತ್ತಿನಲ್ಲಿ. ಮೊಮ್ಮಗ ಎದ್ದು ನಿಂತು ‘ಹಾ!’ ಎಂದದ್ದಷ್ಟೇ. ಹಲಗೆ ನಿಮ್ಮ ಕುಂಡೆಯ ಕೆಳಗಿಂದ ಜಾರಿದಂತಾಗುತ್ತದೆ. ಗೂಟ ಹಿಡಿಯುತ್ತೀರಿ. ಗಾಲಿಯ ಕಬ್ಬಿಣದ ಪಟ್ಟಿ ಕಲ್ಲಿಗೆ ಬಡಿದು ಹಲ್ಲು ಕಟಕಟ ಎನ್ನುತ್ತವೆ. ಎರಿ ಮಣ್ಣಿನ ಹೆಂಟೆ ಮುಖಕ್ಕೆ ಹಾರುತ್ತದೆ. ಎರಡು ಬೆನ್ನು, ನಾಲ್ಕು ಕೊಂಬು, ನಡುವೆ ಬಿಳಿ ಉಸಿರು. ಕಡಲೆ ಹೊಲ ಹಸಿರು ಗೆರೆಯಾಗಿ ಕದಡಿಹೋಗುತ್ತದೆ. ಮುಂದೆ ಡಾಂಬರು ರಸ್ತೆ ಕಾಣುತ್ತದೆ, ಅದರ ಮೇಲೆ ಬೆಳಗಿನ ಬಸ್ಸಿನ ದೀಪವೂ.

ಬೇಲಿಯ ಹತ್ತಿರದ ಗಡಿಕಲ್ಲು ದಾಟುವಾಗ ‘ಹೋ… ಹೋ’.

ಕೆಂದ್ಯಾ ಬಾಲ ಇಳಿಸಿ ಹಿಂಗಾಲು ಊರುತ್ತದೆ. ಹೊಸಾದಿಗೆ ಓಟದ ಅಮಲು; ಜಗ್ಗುತ್ತದೆ, ಗಾಡಾ ಓರೆಯಾಗುತ್ತದೆ, ನೀವು ದೇವರ ಹೆಸರು ತೆಗೆಯುವಷ್ಟರಲ್ಲಿ ನಿಲ್ಲುತ್ತದೆ. ಬಸ್ಸು ಹಾರ್ನು ಹೊಡೆಯದೆ ಹಾದುಹೋಗುತ್ತದೆ.

ಹಿಂದಿನಿಂದ ಅಜ್ಜ ನಡೆದು ಬರುತ್ತಾರೆ. ಮೊಮ್ಮಗ ಮೊಬೈಲಿನ ಗಡಿಯಾರ ಮುಂದೆ ಹಿಡಿಯುತ್ತಾನೆ. ‘ಯಜ್ಜಾ, ನಿನ್ನಿಗಿಂತ ಲಗೂನ ಬಂದ್ವಿ!’

ಅಜ್ಜ ಅತ್ತ ನೋಡುವುದಿಲ್ಲ. ‘ಹೋ ಅಂದಮ್ಯಾಲ ಎಷ್ಟ ಹೆಜ್ಜಿ?’

ಗಡಿಕಲ್ಲಿನಿಂದ ಇಬ್ಬರೂ ಬಾಗಿ, ತೊಯ್ದ ಎರಿ ಮಣ್ಣಿನಲ್ಲಿ ಹೊಸಾದರ ಬಲ ಮುಂಗಾಲಿನ ಗುರುತನ್ನೇ ಹುಡುಕಿ ಎಣಿಸುತ್ತಾರೆ. ನೀವೂ ಬಾಗುತ್ತೀರಿ. ಸೀಳು ಗೊರಸು ಜಾರಿದ ಕಡೆ ಮಣ್ಣು ಉದ್ದಕ್ಕೆ ಕೆರೆದಿದೆ.

‘ಹನ್ನೊಂದು.’

‘ನಿನ್ನಿ?’

‘ಹದಿನೇಳು.’

ಅಜ್ಜ ಒಳಂಗಿಯ ಕಿಸೆಯಿಂದ ಬೆಲ್ಲ ತೆಗೆದು ಎರಡಾಗಿ ಮುರಿಯುತ್ತಾರೆ. ಹೊಸಾದು ಕುತ್ತಿಗೆ ಚಾಚುತ್ತದೆ. ಮೊದಲ ತುಂಡು ಕೆಂದ್ಯಾನಿಗೆ.