ಹೆಸರಿಗೊಂದು ಬಾಡಿಗೆ

ತೊಟ್ಟಿಲಿಗೆ ಹಾಕಿದ ಕೂಸಿಗೆ ಹೆಸರಿಡುವುದು ಸುಲಭ. ಸೋದರತ್ತೆ ಬಗ್ಗಿ ಕಿವಿಯಲ್ಲಿ ಹೆಸರನ್ನುಸುರುತ್ತಾಳೆ. ನೆರೆದ ಹೆಂಗಸರು ಆಕೆಯ ಬೆನ್ನಿಗೆ ಗುದ್ದುತ್ತಾರೆ. ಗುಗ್ಗರಿ ಹಂಚಿದರೆ ಕೆಲಸ ಮುಗಿಯಿತು. ಅದೇ ಹೆಸರಿನ ಕೂಸುಗಳು ಪಕ್ಕದ ಓಣಿಯಲ್ಲಿ ಇನ್ನೂ ನಾಲ್ಕಿದ್ದರೂ ಯಾರ ತಕರಾರೂ ಇಲ್ಲ. ಆದರೆ ತಮ್ಮ ಅಂಗಡಿಗೆ ಅಂತರಜಾಲದಲ್ಲೊಂದು ಹೆಸರು ಬೇಕೆಂದು ಹೊರಟವರ ಪಾಡು ಹಾಗಲ್ಲ. ಅಲ್ಲಿ ಒಂದು ಹೆಸರಿಗೆ ಒಬ್ಬನೇ ಒಡೆಯ. ಮೊದಲು ಬಂದವನದೇ ಹಕ್ಕು.

ಬ್ಯಾಡಗಿಯ ಓಣಿಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಮಸಾಲಿ ಖಾರ ಕುಟ್ಟಿಸಿ ಮಾರುತ್ತ ಬಂದ ತಾಯಿಯೊಬ್ಬಳ ಮನೆಯಲ್ಲಿ ಈಚೆಗೆ ಇಂಥದೊಂದು ನಾಮಕರಣ ನಡೆಯಿತು. ಗಂಡ ತೀರಿಕೊಂಡ ಮೇಲೆ ಎರಡು ಮಕ್ಕಳನ್ನು ಆ ಖಾರವೇ ಸಾಕಿತ್ತು. ಮಗಳು ರಾಣೆಬೆನ್ನೂರಿನ ಸೊಸೆಯಾಗಿದ್ದಳು. ಮಗ ಹಾವೇರಿಯಲ್ಲಿ ಬಿ.ಕಾಂ. ಮುಗಿಸಿ ಬಂದಿದ್ದ. ದೂರದ ಊರುಗಳವರೂ ಕೊಳ್ಳುವಂತಾಗಲು ಜಾಲತಾಣವೊಂದು ಬೇಕೆಂಬುದು ಅವನ ಹಟ.

ಅವನು ಮೊದಲು ಕಟ್ಟಿದ್ದು ಅರ್ಧ ಇಂಗ್ಲಿಷಿನ, ಅರ್ಧ ಯಾವ ಭಾಷೆಗೂ ಸೇರದ ಹೆಸರು. ಅದನ್ನು ಹಾವೇರಿಯ ಸೋದರತ್ತೆಗೆ ಫೋನಿನಲ್ಲಿ ಹೇಳಿ, ಬರೆದುಕೊಳ್ಳುವಂತೆ ಕೇಳಿದ. ಆಕೆ ಎರಡು ಸಲ ಹೇಳಿಸಿಕೊಂಡು, “ಯಾರಿಗೆ ಆರಾಮಿಲ್ಲೋ ತಮ್ಮಾ? ಇದ್ಯಾವ ಔಷಧ?” ಎಂದಳು. ಆ ಹೆಸರು ಅಲ್ಲಿಗೇ ಬಿತ್ತು.

ಇದರಲ್ಲಿ ಅವನು ನಾಚಬೇಕಾದುದೇನೂ ಇರಲಿಲ್ಲ. 1994ರಲ್ಲಿ ಅಮೆರಿಕದ ಜೆಫ್ ಬೆಜೋಸ್ ತನ್ನ ಜಾಲದ ಅಂಗಡಿಗೆ ಇಟ್ಟ ಮೊದಲ ಹೆಸರು ‘ಕಡಾಬ್ರಾ’. ಫೋನಿನಲ್ಲಿ ಅದನ್ನು ಕೇಳಿದ ವಕೀಲನಿಗೆ ಹೆಣವೆಂಬ ಅರ್ಥದ ಇಂಗ್ಲಿಷ್ ಶಬ್ದ ಕೇಳಿಸಿತಂತೆ. ಹೆಸರು ಬದಲಾಯಿತು, ಅಮೆಜಾನ್ ಹುಟ್ಟಿತು. ಜಾಲದ ಹೆಸರು ಅರವತ್ತಮೂರು ಅಕ್ಷರಗಳವರೆಗೆ ಬೆಳೆಯಬಹುದೆಂದು ನಿಯಮವಿದ್ದರೇನು? ಒಬ್ಬರ ಬಾಯಿಂದ ಹೊರಟು ಇನ್ನೊಬ್ಬರ ಕಿವಿಯನ್ನು ಹೊಕ್ಕು ಬೆರಳಿನ ತುದಿಗೆ ಕೆಡದೆ ಬಂದುದೇ ಹೆಸರು.

ಎರಡನೆಯ ಸಲ ಅವನು ಊರಿನ ಹೆಸರನ್ನೇ ಆರಿಸಿದ. ಬ್ಯಾಡಗಿಯೆಂದರೆ ಮೆಣಸಿನಕಾಯಿ ಎಂದು ನಾಡೆಲ್ಲ ಬಲ್ಲದು; ನೆರಿಗೆಬಿದ್ದ ಸಿಪ್ಪೆ, ಕಡುಗೆಂಪು ಬಣ್ಣ, ಮೆಲುವಾದ ಖಾರ. ಆದರೆ ಕನ್ನಡದಲ್ಲಿ ನೆಟ್ಟಗಿರುವ ಶಬ್ದ ರೋಮನ್ ಲಿಪಿಗೆ ಹೋದೊಡನೆ ಸೊಟ್ಟಗಾಗುತ್ತದೆ. ‘ಡಿ’ ಆದ ಮೇಲೆ ‘ಎ’ ಬೇಕೆ, ಬೇಡವೆ? ಮಹಾರಾಷ್ಟ್ರದವರಂತೂ ಅದನ್ನು ‘ಬೇಡಗಿ’ ಎನ್ನುತ್ತಾರೆ. ರಾಣೆಬೆನ್ನೂರಿನ ತಂಗಿ ನಕ್ಕು, “ನಮ್ಮೂರಿಗೇ ರಾಣಿ ಅನ್ನೂದೋ ರಾಣೆ ಅನ್ನೂದೋ ಇನ್ನೂ ತೀರ್ಮಾನಾಗಿಲ್ಲ, ಅಣ್ಣಾ” ಎಂದಳು. ಕನ್ನಡ ಲಿಪಿಯಲ್ಲೇ ಬರೆದು ‘ಭಾರತ’ ಎಂದು ಕೊನೆಗೊಳಿಸುವ ಹೆಸರುಗಳೂ ಈಗ ದೊರೆಯುತ್ತವೆ. ಆದರೆ ಕೊಳ್ಳುವವರಲ್ಲಿ ಬಹಳ ಮಂದಿಯ ಬೆರಳಿಗೆ ರೋಮನ್ ಅಕ್ಷರಗಳೇ ರೂಢಿ.

ಈ ತೊಡಕನ್ನಾದರೂ ಹೇಗೋ ಬಿಡಿಸಬಹುದಿತ್ತು. ತಾಯಿ ಎತ್ತಿದ ಪ್ರಶ್ನೆ ಬೇರೆಯೇ ಆಗಿತ್ತು. ಮೊರದಲ್ಲಿ ಕಾಯಿಯ ತೊಟ್ಟು ಬಿಡಿಸುತ್ತ ಕುಳಿತಿದ್ದವಳು ತಲೆಯೆತ್ತದೆಯೇ ಕೇಳಿದಳು: “ನಮ್ಮ ಖಾರದಾಗ ಗುಂಟೂರ ಕಾಯಿನೂ ಐತಲ್ಲೋ?”

ಮಗ ಸುಮ್ಮನಾದ. ಮಾತು ನಿಜ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಎರಡನ್ನೂ ಹದವರಿತು ಕೂಡಿಸುವುದರಲ್ಲಿಯೇ ಆಕೆಯ ಕೈಗುಣವಿತ್ತು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತ ಮೇಲೆ ಆ ಹೆಸರು ಒಂದು ಮಾತು ಕೊಟ್ಟಂತೆ. ಅದು ಬೆಳೆದ ರೈತರೆಲ್ಲರ ಸೊತ್ತು. ಒಂದು ಮನೆಯ ಡಬ್ಬಿಗೆ ಅಂಟಿಸಿಕೊಳ್ಳುವ ಚೀಟಿಯಲ್ಲ.

ಹಾಗಾದರೆ ಯಾವ ಹೆಸರು? ಈ ಸೀಮೆಯ ಹಿರಿಯರು ಇದಕ್ಕೆ ಹಿಂದೆಯೇ ಎರಡು ದಾರಿಗಳನ್ನು ತೋರಿದ್ದಾರೆ. ಕನಕದಾಸರು ಬ್ಯಾಡಗಿ ತಾಲೂಕಿನ ಕಾಗಿನೆಲೆಯನ್ನೂ ಅಲ್ಲಿಯ ಆದಿಕೇಶವನನ್ನೂ ತಮ್ಮ ಅಂಕಿತದಲ್ಲಿ ಬೆಸೆದರು. ಊರಿನ ದೈವಕ್ಕೆ ತಮ್ಮನ್ನು ಒಪ್ಪಿಸಿಕೊಂಡವರಿಗೆ ಆ ಹಕ್ಕಿತ್ತು. ರಾಣೆಬೆನ್ನೂರು ತಾಲೂಕಿನ ಚೌಡದಾನಪುರದ ಅಂಬಿಗರ ಚೌಡಯ್ಯನಾದರೋ 12ನೆಯ ಶತಮಾನದಲ್ಲಿಯೇ ತನ್ನ ಕಸುಬನ್ನೂ ಹೆಸರನ್ನೂ ಕೂಡಿಸಿ ಅದನ್ನೇ ಅಂಕಿತ ಮಾಡಿಕೊಂಡ. ಆಡಿದ ಮಾತಿಗೆ ಆಡಿದವನೇ ಹೊಣೆ. ಜಾಲದ ಹೆಸರಿಗೂ ವ್ಯಾಪಾರಮುದ್ರೆಯಂತೆಯೇ ರಕ್ಷಣೆಯುಂಟೆಂದು ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ಸಿಫಿ ಮೊಕದ್ದಮೆಯಲ್ಲಿ ಹೇಳಿತು. ಒಬ್ಬರ ಅಂಕಿತ ಇನ್ನೊಬ್ಬರಿಗೆ ಸಲ್ಲದೆಂಬುದನ್ನು ನಮ್ಮ ಜನ ಬಹಳ ಹಿಂದೆಯೇ ಬಲ್ಲರು.

ಉತ್ತರ ಹೊಳೆದದ್ದು ತಂಗಿಗೆ. ರಾಣೆಬೆನ್ನೂರಿನಲ್ಲಿ ಅವಳ ನೆರೆಹೊರೆಯವರು ಆ ಖಾರವನ್ನು ಕೇಳುವಾಗ ತಾಯಿಯ ಮೂರಕ್ಷರದ ಹೆಸರು ಹೇಳಿ, ಅದರ ಮುಂದೆ ‘ಖಾರ’ ಎಂದು ಸೇರಿಸುತ್ತಿದ್ದರು. ಹೆಸರು ಜನರ ಬಾಯಲ್ಲಿ ಆಗಲೇ ಹುಟ್ಟಿ ಬೆಳೆದಿತ್ತು. ಹುಡುಕುತ್ತಿದ್ದವರಿಗೆ ಮಾತ್ರ ಕಂಡಿರಲಿಲ್ಲ.

ತಾಯಿ ಒಪ್ಪಲಿಲ್ಲ. “ನನ್ನ ಹೆಸರ್ಯಾಕೋ? ನಿಮ್ಮಪ್ಪಂದು ಇಡು” ಎಂದಳು. ಮನೆಯ ಕಾಗದ ಗಂಡನ ಹೆಸರಿನಲ್ಲಿತ್ತು. ವಿದ್ಯುತ್ತಿನ ಬಿಲ್ಲು ಇನ್ನೂ ಅವನ ಹೆಸರಿಗೇ ಬರುತ್ತಿತ್ತು. ಇಪ್ಪತ್ತು ವರ್ಷ ಹೊಗೆಯಂಥ ಘಾಟಿನಲ್ಲಿ ಕೆಮ್ಮುತ್ತ ದುಡಿದವಳ ಹೆಸರು ಎಲ್ಲಿಯೂ ಬರೆದಿರಲಿಲ್ಲ. ಮಗನಿಗೆ ಅದು ಆ ದಿನವೇ ತಿಳಿದದ್ದು. “ಖಾರ ಕೂಡಿಸಿದಾಕಿ ನೀನ ಅಲ್ಲೇನವ್ವಾ?” ಎಂದನಷ್ಟೆ.

ಹೆಸರು ಖಾಲಿಯಿತ್ತು. ನಮ್ಮ ಕಡೆಯವರು ‘ಖ’ವನ್ನು ‘ಕ’ ಎನ್ನುವುದುಂಟೆಂದು ಎರಡು ಬಗೆಯ ಕಾಗುಣಿತವನ್ನೂ ಬರೆಯಿಸಿಕೊಂಡು, ಯಾವುದನ್ನು ಒತ್ತಿದರೂ ಒಂದೇ ಬಾಗಿಲು ತೆರೆಯುವಂತೆ ಮಾಡಿದ. ಹಾವೇರಿಯ ಅತ್ತೆ ಒಂದೇ ಸಲಕ್ಕೆ ಸರಿಯಾಗಿ ಬರೆದುಕೊಂಡಳು.

ಆ ರಾತ್ರಿ ತಾಯಿ ಕೇಳಿದಳು: “ಇನ್ನ ಈ ಹೆಸರು ನಮ್ಮದ ಏನು?”

“ಬಾಡಿಗಿ ಇದ್ದಂಗವ್ವಾ. ವರ್ಷಾ ರೊಕ್ಕ ಕಟ್ಟಬೇಕು. ಮರೆತರ ಹೋಗ್ತೈತಿ, ಬ್ಯಾರೆಯವರು ತಗೋತಾರ.”

ಆಕೆ ಸ್ವಲ್ಪ ಹೊತ್ತು ಯೋಚಿಸಿದಳು. “ರೊಕ್ಕ ನೀ ಕಟ್ಟು. ಖಾರ ನಾ ನೋಡ್ಕೋತೀನಿ” ಎಂದು ಮೊರವನ್ನು ಹತ್ತಿರಕ್ಕೆಳೆದುಕೊಂಡಳು.