ಸುಟ್ಟ ಕಾವ್ಯ, ಉಳಿದ ತೀರ್ಪು

1805ರಲ್ಲಿ ಮಸಾಚುಸೆಟ್ಸಿನ ತರುಣ ವಕೀಲ ಜೋಸೆಫ್ ಸ್ಟೋರಿ ತಂದೆಯನ್ನೂ ಮದುವೆಯಾಗಿ ಕೆಲವೇ ತಿಂಗಳಾಗಿದ್ದ ಪತ್ನಿಯನ್ನೂ ಕಳೆದುಕೊಂಡರು. ಆ ದುಃಖದಲ್ಲಿ, ತಾವೇ ರಚಿಸಿ ಅಚ್ಚುಹಾಕಿಸಿದ್ದ ಏಕಾಂತದ ಶಕ್ತಿಯನ್ನು ಕುರಿತ ದೀರ್ಘಕಾವ್ಯದ ಪ್ರತಿಗಳನ್ನು ಸಿಕ್ಕಷ್ಟೂ ತರಿಸಿ ಸುಟ್ಟುಹಾಕಿದರು. ಕವಿ ಅಲ್ಲಿಗೆ ಮುಗಿದ, ಬರಹಗಾರ ಮುಗಿಯಲಿಲ್ಲ.

1811ರಲ್ಲಿ, 32ನೆಯ ವಯಸ್ಸಿನಲ್ಲಿ, ಅವರು ಅಮೆರಿಕದ ಸರ್ವೋಚ್ಚ ನ್ಯಾಯಾಲಯಕ್ಕೆ ನೇಮಕಗೊಂಡರು. ಅಷ್ಟು ಕಿರಿಯರು ಆ ಪೀಠವನ್ನು ಇಂದಿಗೂ ಏರಿಲ್ಲ. 1829ರಿಂದ ನ್ಯಾಯಾಧೀಶರಾಗಿದ್ದುಕೊಂಡೇ ಹಾರ್ವರ್ಡಿನಲ್ಲಿ ಪಾಠ ಹೇಳಿದರು; ವಿದ್ಯಾರ್ಥಿಗಳಿಲ್ಲದೆ ಸೊರಗಿದ್ದ ಕಾನೂನು ಶಾಲೆ ಚೇತರಿಸಿಕೊಂಡಿತು. ಸಂವಿಧಾನವನ್ನು ಕುರಿತ ಮೂರು ಸಂಪುಟಗಳ ವ್ಯಾಖ್ಯಾನ (1833) ಈ ಅಧ್ಯಾಪನದ ಫಲ.

ಅವರ ಬದುಕಿನ ಕಗ್ಗಂಟು ಎರಡು ತೀರ್ಪುಗಳ ನಡುವೆ ಇದೆ. 1841ರಲ್ಲಿ 'ಆಮಿಸ್ಟಾಡ್' ಹಡಗಿನ ಆಫ್ರಿಕನ್ನರು ಅಪಹೃತರಾದ ಸ್ವತಂತ್ರರೇ ಹೊರತು ಗುಲಾಮರಲ್ಲವೆಂದು ಬರೆದವರು ಇವರೇ. ಮರುವರ್ಷ, ಮಾರ್ಗರೆಟ್ ಮಾರ್ಗನ್ ಎಂಬಾಕೆಯನ್ನು ಮಕ್ಕಳ ಸಮೇತ ಪೆನ್ಸಿಲ್ವೇನಿಯದಿಂದ ಮೇರಿಲ್ಯಾಂಡಿನ ಒಡತಿಯ ಬಳಿಗೆ ಒಯ್ದ ಎಡ್ವರ್ಡ್ ಪ್ರಿಗ್‌ನ ಶಿಕ್ಷೆಯನ್ನು ರದ್ದುಗೊಳಿಸಿದವರೂ ಇವರೇ. ಗುಲಾಮಗಿರಿಯನ್ನು ಹಿಂದೆ ಬಹಿರಂಗವಾಗಿ ಖಂಡಿಸಿದ್ದವರು ಸಂವಿಧಾನದ ಒಡಂಬಡಿಕೆಗೆ ಕಟ್ಟುಬಿದ್ದರು. ಓಡಿಬಂದವರನ್ನು ಹಿಡಿದುಕೊಡಲು ರಾಜ್ಯಗಳನ್ನು ಒತ್ತಾಯಿಸಲಾಗದು ಎಂಬ ಮಾತೂ ಆ ತೀರ್ಪಿನಲ್ಲಿ ಇತ್ತು, ನಿಜ. ಮಸಾಚುಸೆಟ್ಸ್ ಅದನ್ನೇ ಆಧರಿಸಿ 1843ರಲ್ಲಿ ಕಾಯಿದೆ ಮಾಡಿತು. ತಂದೆ ಇದನ್ನು ಸ್ವಾತಂತ್ರ್ಯದ ಗೆಲುವೆಂದೇ ಎಣಿಸಿದ್ದರೆಂದು ಮಗ ವಿಲಿಯಂ ಜೀವನಚರಿತ್ರೆಯಲ್ಲಿ ಬರೆದಿದ್ದಾರೆ. ವಾದ ಜಾಣ್ಮೆಯದು, ಒಪ್ಪುವುದು ಕಷ್ಟ: ಮಾರ್ಗರೆಟಳ ಮಕ್ಕಳಲ್ಲಿ ಒಂದು ಪೆನ್ಸಿಲ್ವೇನಿಯದ ನೆಲದಲ್ಲೇ ಹುಟ್ಟಿತ್ತು.