ಅಪ್ಪನ ಗುಳಿಗೆ ಮತ್ತು ಕೆ86

ಬಹಳ ದಿನ ಆಯ್ತು ಏನೂ ಬರೆಯದೆ. ಆಫೀಸಿನ ರಿಲೀಸು, ಅದು ಇದು... ನೆಪಗಳಿಗೇನು ಬರ :-)

ಹೋದ ತಿಂಗಳು ದೊಡ್ಡಪ್ಪನ ಮಗಳು ಫೋನ್ ಮಾಡಿದ್ದಳು. ಅಕ್ಕ ಫ್ಯಾಮಿಲಿ ಮೆಡಿಸಿನ್‌ನಲ್ಲಿ ಡಿಎನ್‌ಬಿ ಮಾಡುತ್ತಿದ್ದಾಳೆ. ಅದಕ್ಕೆ ಒಂದು ಥೀಸಿಸ್ ಬರೆಯಲೇಬೇಕು. ಹಿಂದಿನವರು ಏನೇನು ಬರೆದಿದ್ದಾರೆ ನೋಡೋಣ ಅಂತ ಹಳೆಯ ಥೀಸಿಸ್‌ಗಳ ಪಟ್ಟಿ ಕಳಿಸಿದಳು. "ತಮ್ಮಾ, ಇವನ್ನ ವಿಷಯದ ಪ್ರಕಾರ ಬ್ಯಾರೆ ಬ್ಯಾರೆ ಮಾಡಿಕೊಡು. ನಿನಗೇನು, ಅರ್ಧ ತಾಸಿನ ಕೆಲಸ."

ಜೊತೆಗೆ ಐಸಿಪಿಸಿ ಅನ್ನೋ ಕೋಡ್ ಪಟ್ಟಿಯನ್ನೂ ಕೊಟ್ಟಳು. ಕುಟುಂಬ ವೈದ್ಯರ ಜಾಗತಿಕ ಸಂಘಟನೆ ವೊಂಕಾ 1987ರಲ್ಲಿ ಹೊರತಂದದ್ದು. ರೋಗಗಳಿಗಷ್ಟೇ ಅಲ್ಲ, ಜ್ವರ, ತಲೆಸುತ್ತು ಅಂತ ರೋಗಿ ಹೇಳಿಕೊಂಡು ಬರುವ ದೂರುಗಳಿಗೂ ಅದರಲ್ಲಿ ಜಾಗ ಇದೆ. 1998ರ ಎರಡನೇ ಆವೃತ್ತಿಯಲ್ಲಿ 17 ಅಧ್ಯಾಯ, ಒಂದೊಂದಕ್ಕೆ ಒಂದು ಅಕ್ಷರ. ಬೇರೆ ತೊಡಕಿಲ್ಲದ ಬಿಪಿಗೆ ಕೆ86, ಟೈಪ್ 2 ಸಕ್ಕರೆ ಕಾಯಿಲೆಗೆ ಟಿ90.

ಶೀರ್ಷಿಕೆಯಲ್ಲಿ ಪದ ಹುಡುಕಿ ಕೋಡ್ ಹಚ್ಚುವ ಸ್ಕ್ರಿಪ್ಟ್ ಬರೆದೆ. ನಿಜಕ್ಕೂ ಅರ್ಧ ತಾಸು! ಹೆಮ್ಮೆಯಿಂದ ಕಳಿಸಿದರೆ ಅಕ್ಕನ ಫೋನು. ಬಿಪಿ ಗುಳಿಗೆಯನ್ನು ಹಳ್ಳಿಯ ರೋಗಿಗಳು ಮಧ್ಯದಲ್ಲೇ ಯಾಕೆ ಬಿಡುತ್ತಾರೆ ಅನ್ನೋ ಥೀಸಿಸ್ ಒಂದಿತ್ತು.

"ಇದನ್ನ ಯಾಕ ಕೆ86ರಾಗ ಹಾಕೀದಿ?"

"ಬಿಪಿ ಅಂತ ಐತಲ್ಲಕ್ಕಾ."

"ಅದು ಬಿಪಿ ಮ್ಯಾಲಲ್ಲೋ, ಮಂದಿ ಮ್ಯಾಲೆ."

ಇಂಥದ್ದಕ್ಕೇ ಬೆಲ್ಜಿಯಮ್‌ನ ಕುಟುಂಬ ವೈದ್ಯ ಮಾರ್ಕ್ ಜಮೂಲ್ ಮತ್ತು ಸಂಗಡಿಗರು ಕ್ಯೂ-ಕೋಡ್ ಅಂತ ಮಾಡಿದ್ದಾರೆ. ರೋಗಿಯ ಕಷ್ಟ, ವೈದ್ಯನ ಪಾತ್ರ, ನೀತಿ, ಪರಿಸರ ಎಲ್ಲಕ್ಕೂ ಅದರಲ್ಲಿ ಖಾನೆ ಇದೆ. ಒಂದೇ ಥೀಸಿಸ್‌ಗೆ ಐಸಿಪಿಸಿಯದೊಂದು, ಕ್ಯೂ-ಕೋಡ್‌ನದೊಂದು ಹೀಗೆ ಎರಡೂ ಹಚ್ಚಬಹುದು. ನನ್ನ ಸ್ಕ್ರಿಪ್ಟಿನಲ್ಲಿ ಒಂದು ಥೀಸಿಸ್‌ಗೆ ಒಂದೇ ಖಾನೆ. ಅದನ್ನು ಬದಲಿಸುತ್ತಾ ಕೂತಾಗ ಅಪ್ಪ ನೆನಪಾದ.

ಅಪ್ಪನದು ಮುದಗಲ್ ಕೋಟೆ ಹತ್ತಿರ ಸಣ್ಣ ಚಹಾದಂಗಡಿ. ಮೊಹರಂ ನೋಡಲು ದೂರದೂರದ ಜನ ಬರುವ ಊರು ನಮ್ಮದು. ಆ ದಿನಗಳಲ್ಲಂತೂ ಅಂಗಡಿ ಮುಚ್ಚುವ ಮಾತೇ ಇಲ್ಲ. ಅಪ್ಪನಿಗೆ ಬಿಪಿ ಇತ್ತು, ಲಿಂಗಸುಗೂರಿನಲ್ಲಿ ತೋರಿಸುತ್ತಿದ್ದ. ಯಾವಾಗಲೋ ಗುಳಿಗೆ ಬಿಟ್ಟ. ಮೂರು ವರ್ಷದ ಹಿಂದೆ ಲಕ್ವಾ ಹೊಡೀತು. ಜೀವ ಉಳೀತು, ಬಲಗೈ ಮೊದಲಿನಂತಾಗಲಿಲ್ಲ. "ದಿನಾ ಒಂದು ಗುಳಿಗಿ ನುಂಗಾಕ ಏನು ಕಷ್ಟ ಇತ್ತು ನಿನಗ?" ಅಂತ ಆಸ್ಪತ್ರೆಯಲ್ಲೇ ಬೈದಿದ್ದೆ. ಅಪ್ಪ ಮಾತಾಡಿರಲಿಲ್ಲ. ನಾನೂ ಮತ್ತೆ ಕೇಳಿರಲಿಲ್ಲ.

ಆ ರಾತ್ರಿ ಊರಿಗೆ ಫೋನ್ ಮಾಡಿ ಕೇಳಿದೆ. ಈ ಸಲ ಬೈಯಲಿಲ್ಲ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ, "ಲಿಂಗಸುಗೂರಿಗೆ ಹೋದ್ರ ಒಂದು ದಿನ ಅಂಗಡಿ ಬಂದ್ ಆಗ್ತಿತ್ತು. ನಿಂದು ಕೊನೀ ವರ್ಷದ ಫೀಸು ಇತ್ತಲ್ಲ. ತಲಿನೋವು ಗಿಲಿನೋವು ಏನೂ ಇರಲಿಲ್ಲ, ಆರಾಮ ಆಗೇತಂತ ತಿಳಕೊಂಡೆ."

ಬಿಪಿ ಏರಿದ್ದು ಎಷ್ಟೋ ಸಲ ಗೊತ್ತೇ ಆಗೋದಿಲ್ಲ. ಅಪ್ಪನಿಗೆ ಅದನ್ನು ಯಾರೂ ಕೂತು ಹೇಳಿರಲಿಲ್ಲ. ಇಂಜಿನಿಯರಿಂಗ್ ಓದುತ್ತಿದ್ದ ನಾನೂ ಹೇಳಿರಲಿಲ್ಲ.

ಐಸಿಪಿಸಿಯ ಕೊನೆಯಲ್ಲಿ ಝಡ್ ಅಧ್ಯಾಯ, ಸಾಮಾಜಿಕ ತೊಂದರೆಗಳದ್ದು. ಅದರ ಮೊದಲ ಕೋಡ್ ಝಡ್01, ಬಡತನ ಹಾಗೂ ಹಣದ ತೊಂದರೆ. ಲಕ್ವಾಕ್ಕೆ ಕೆ90. ಅಪ್ಪನನ್ನು ಮೂರು ವರ್ಷ ಕೆ90ರಲ್ಲಷ್ಟೇ ಇಟ್ಟಿದ್ದೆ, ಪಕ್ಕದಲ್ಲಿ ಹಠಮಾರಿ ಅಂತ ನನ್ನದೇ ಒಂದು ಕೋಡ್ ಹಚ್ಚಿ.

ಅಕ್ಕನ ಪಟ್ಟಿ ಮುಗೀತು, ಈ ಸಲ ಸ್ಕ್ರಿಪ್ಟ್ ಬಿಟ್ಟು ಒಂದೊಂದೇ ಓದಿ. ನಾಲ್ಕು ರಾತ್ರಿ ಹಿಡೀತು.

ನಿಮ್ಮ ಮನೆಯಲ್ಲೂ ಯಾರಾದರೂ ಗುಳಿಗೆ ಬಿಟ್ಟಿದ್ದರೆ, ಬೈಯುವ ಮೊದಲು ಯಾಕೆ ಅಂತ ಒಮ್ಮೆ ಕೇಳಿ ನೋಡಿ.